ಮೂರು ಸುತ್ತು ತಂತಿ

...ಅಯ್ಯೋ, ಮುಟ್ಟಬೇಡಿ ಭಾವ, ಚಕ್ರ ಕಾದ ಹೆಂಚಾಗಿದೆ. ನೋಡಿ, ನೀರು ಚಿಮುಕಿಸಿದ್ರೆ ಚುಂಯ್ ಅಂತಿದೆ. ದಾರೀಲಿ ಸುಟ್ಟ ವಾಸನೆ ಬರ್ಲಿಲ್ವಾ ನಿಮಗೆ? ಮೂಗು ಮನೇಲಿ ಬಿಟ್ಟು ಬಂದ್ರಾ?... ಆಯ್ತು, ತಮಾಷೆಗಂದೆ. ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಅದರ ಒಂದು ಕಾಲು ನಂಬೋ ಹಾಗಿಲ್ಲ. ಈ ಟೈರ್ ಮೇಲೆ ಕೂತ್ಕೊಳ್ಳಿ.

ಹಿಂದಿನ ಬ್ರೇಕ್ ಹಿಡ್ಕೊಂಡಿದೆ, ಅಷ್ಟೇ. ಅಕ್ಕ ತೀರ್ಕೊಂಡು ನಾಲ್ಕು ತಿಂಗಳು, ಅವತ್ತಿಂದ ನಿಂತ ಗಾಡಿ. ಮುಂದೆ ಜಜ್ಜಿದ್ದನ್ನ ತಟ್ಟಿ ಬಣ್ಣ ಹೊಡೆದು ಕೊಟ್ಟವರು ಹಿಂದಕ್ಕೆ ತಿರುಗಿಯಾದ್ರೂ ನೋಡಿದ್ದಾರಾ? ಮಾರಿಬಿಡಿ ಅಂದೆ. ಎಷ್ಟು ಸಲ ಅಂದೆ. ಕೇಳಲಿಲ್ಲ ನೀವು.

ಈಗ ಜಾಕ್ ಏರಿಸಿದೀನಿ... ತಿರುಗ್ತಿಲ್ಲ. ಹ್ಯಾಂಡ್‌ಬ್ರೇಕ್ ಇಳಿಸಿದೆ, ಕೇಬಲ್ ಸಡಿಲವಾಗೇ ಇದೆ. ಹಾಗಾದ್ರೆ ಕೇಬಲ್ ಅಲ್ಲ. ಇಲ್ಲಿ ಬ್ರೇಕ್ ಪೈಪಿನ ನಿಪ್ಪಲ್ ಬಿಚ್ಚಿ ಸ್ವಲ್ಪ ಆಯಿಲ್ ಹೊರಗೆ ಬಿಡೋಣ. ಪೈಪಲ್ಲಿ ಒತ್ತಡ ಕಟ್ಕೊಂಡಿದ್ರೆ ಈಗ ಚಕ್ರ ಬಿಟ್ಕೋಬೇಕು... ಬಿಡ್ಲಿಲ್ಲ. ಅಂದ್ರೆ ಚಕ್ರದ ಡ್ರಮ್ ಒಳಗೇ...

ಏನಿಲ್ಲ. ತುಕ್ಕು. ನೀವು ಮನೆಗೆ ಹೋಗಿ ಭಾವ, ನಾಳೆ ನಿಧಾನವಾಗಿ ಬಿಚ್ತೀನಿ. ಇಲ್ಲಿ ಧೂಳಲ್ಲಿ ಕೂತು ಏನು ಮಾಡ್ತೀರಿ?

ಏಳ್ತಾನೇ ಇಲ್ವಲ್ಲ ನೀವು. ಈಗಲೇ ಬಿಚ್ಬೇಕಾ?... ಸರಿ.

ಊಟ ಸರಿಯಾಗಿ ಮಾಡ್ತಿದ್ದೀರಾ? ಬೆಲ್ಟಿಗೆ ಹೊಸ ತೂತು ಹಾಕಿದ್ದೀರಿ, ಬಂದಾಗಲೇ ನೋಡ್ದೆ. ಇನ್ನೂ ಅವತ್ತಿನ ಜಗಳದ್ದೇ ಯೋಚನೆನಾ? ಪರದೆ ಬಣ್ಣಕ್ಕೆ ಯಾರ ಮನೇಲಿ ಜಗಳ ಆಗಲ್ಲ ಹೇಳಿ. ಅಕ್ಕಂಗೆ ಮೂಗಿನ ತುದೀಲೇ ಸಿಟ್ಟು. ಸಿಟ್ಟಲ್ಲಿ ಗಾಡಿ ಎತ್ಕೊಂಡು ಹೋದ್ಲು, ಜೋರಾಗಿ ಓಡಿಸಿದ್ಲು, ಒದ್ದೆ ರಸ್ತೆ, ತಿರುವು... ಎಲ್ಲರಿಗೂ ನಾನು ಅದನ್ನೇ ಹೇಳಿದ್ದು. ಅದರಲ್ಲಿ ನಿಮ್ಮ ತಪ್ಪೇನಿದೆ? ಆ ಹಳದಿ ಪರದೆ ಇನ್ನೂ ತೆಗೆದಿಲ್ಲವಂತೆ ನೀವು.

ಸುತ್ತಿಗೆ ಕೊಡಿ. ಅದಲ್ಲ, ಚಿಕ್ಕದು. ಡ್ರಮ್ಮಿಗೆ ಸುತ್ತಲೂ ಮೆಲ್ಲಗೆ ತಟ್ಟಬೇಕು... ಬಂತು.

ಇವೆರಡು ಬ್ರೇಕ್ ಶೂ. ಕಾಲೊತ್ತಿದ್ರೆ ಅಗಲವಾಗಿ ಡ್ರಮ್ ಹಿಡ್ಕೋತವೆ. ಕಾಲು ತೆಗೆದ್ರೆ ವಾಪಸ್ ಎಳೆಯೋದು ಈ ಸ್ಪ್ರಿಂಗು. ಇದು ಮುರಿದಿದೆ ನೋಡಿ. ಮುರಿದಿದ್ದಕ್ಕೆ ಮೂರು ಸುತ್ತು ತಂತಿ ಸುತ್ತಿದ್ದಾರೆ. ತಂತೀನೂ ಎಳೆದು ಎಳೆದು ಸಡಿಲಾಗಿದೆ. ಇನ್ನು ಶೂ ವಾಪಸ್ ಹೇಗೆ ಬರುತ್ತೆ? ಒಂದೊಂದ್ಸಲ ಚಕ್ರವೇ ಕಚ್ಕೊಂಡು... ಯಾವನೋ ದರಿದ್ರದವನ ಕೆಲಸ. ಅಕ್ಕ ದಾರೀಲಿ ಎಲ್ಲೋ ಮಾಡಿಸಿರ್ಬೇಕು. ಇಂಥವರ ಕೈ ಕತ್ತರಿಸ್ಬೇಕು.

ಮೇಲೇನು ನೋಡ್ತಿದ್ದೀರಿ? ಅದು ಬಲ್ಬು. ಜೋತು ಬಿದ್ದಿತ್ತು, ತಂತಿ ಕಟ್ಟಿ ನಿಲ್ಲಿಸಿದೆ. ಮೂರು ಸುತ್ತು, ಆಮೇಲೆ ತುದಿ ಒಳಕ್ಕೆ ಮಡಚಿ, ಯಾರ ಕೈಗೂ ಚುಚ್ಚದ ಹಾಗೆ... ಅಪ್ಪ ಕಲಿಸಿದ್ದು. ನಿಮ್ಮನೆ ಹಿತ್ತಲಲ್ಲಿ ಬಟ್ಟೆ ತಂತೀನೂ ನಾನೇ...

ಹೀಗೆ ಎಲ್ಲರೂ ಕಟ್ತಾರೆ ಭಾವ.

ನೀವು ಏನೂ ಅಂದಿಲ್ಲ. ಹೌದು, ಒಂದು ಮಾತೂ ಅಂದಿಲ್ಲ. ಕುಂಬಳಕಾಯಿ ಕಳ್ಳ ಅನ್ನೋದ್ರೊಳಗೇ ಹೆಗಲು ಮುಟ್ಟಿ ನೋಡ್ಕೊಂಡೆ ನಾನು. ಆದ್ರೆ ಹಾಗೆ ನೋಡಬೇಡಿ. ಬೈರಿ. ಆ ಸುತ್ತಿಗೆ ತಗೊಂಡು ಹೊಡೀರಿ ಬೇಕಾದ್ರೆ...

ಬಂದಿದ್ಲು. ಅವತ್ತು ಬೆಳಿಗ್ಗೆ ನಿಮ್ಮ ಮನೆಯಿಂದ ಸೀದಾ ಇಲ್ಲಿಗೇ ಬಂದ್ಲು. ಹಿಂದೆ ಏನೋ ಎಳೀತಿದೆ ನೋಡೋ ಅಂದ್ಲು. ಬಿಚ್ಚಿದೆ, ಸ್ಪ್ರಿಂಗ್ ಮುರಿದಿತ್ತು. ಹೊಸದು ತರೋಕೆ ಅಂಗಡಿ ಬಾಗಿಲು ತೆಗೆದಿರ್ಲಿಲ್ಲ. ಒಂದು ಗಂಟೆ ಕೂತ್ಕೋ ಅಕ್ಕ ಅನ್ನಬೇಕಿತ್ತು. ಅನ್ನಲಿಲ್ಲ. ಸಂಜೆ ವಾಪಸ್ ಬರ್ತಾಳಲ್ಲ, ಆಗ ಹಾಕಿದ್ರಾಯ್ತು ಅಂತ ನನ್ನೊಳಗೇ ಅಂದ್ಕೊಂಡು ತಂತಿ ಸುತ್ತಿಬಿಟ್ಟೆ. ತಂತಿ ಅಂತ ಅವಳಿಗೆ ಹೇಳಲೂ ಇಲ್ಲ. ಸರಿಯಾಯ್ತು ಹೋಗು ಅಂದೆ.

ಅವಳು ಜೋರಾಗಿ ಓಡಿಸ್ಲಿಲ್ಲ ಭಾವ. ಸಿಟ್ಟೂ ಇರ್ಲಿಲ್ಲ. ನೀವು ಈಗ ಕೂತಿರೋ ಟೈರ್ ಮೇಲೇ ಕೂತಿದ್ಲು, ನಗ್ತಿದ್ಲು. "ಆ ಹಳದಿ ನನಗೂ ಹಿಡಿಸ್ಲಿಲ್ಲ ಕಣೋ, ನಿನ್ನ ಭಾವ ಹೇಳಿದ್ದೇ ಸರಿ. ಸಂಜೆ ಹೋಗಿ ಹೇಳ್ತೀನಿ, ಈಗಲೇ ಹೇಳಿದ್ರೆ ತಲೆ ಮೇಲೆ ಹತ್ತಿ ಕೂರ್ತಾರೆ" ಅಂದ್ಲು.

ನಾಲ್ಕು ತಿಂಗಳು ನೀವು ಸೊರಗೋದು ನೋಡ್ತಾನೇ ಇದ್ದೆ. ಎಷ್ಟೋ ಸಲ ಬಾಯಿಗೆ ಬಂತು. ಆದ್ರೆ ಅವಳು ಅಂದಿದ್ದನ್ನ ಹೇಳಿದ್ರೆ, ಎಲ್ಲಿ ಕೂತು ಅಂದ್ಲು ಅಂತಾನೂ ಹೇಳ್ಬೇಕಾಗ್ತಿತ್ತಲ್ಲ ಭಾವ.