ಚಿಮಣಿ ಮೇಲಿನ ಹಿಮ

ಅದೇನು ಮಾವ, ಬೆಕ್ಕಿಗೆ ಹಾಕೋ ಅಷ್ಟು ಚೂರು ತಗೊಂಡ್ರಿ! ಸರಿಯಾಗಿ ತಗೊಳ್ಳಿ. ಹಂದಿದು ಎರಡು ಭುಜ ಇಟ್ಟಿದ್ದೆ. ಒಂದು ಇಳಿಸಿದ್ದೀನಿ, ಇನ್ನೊಂದು ಬೇಯ್ತಾ ಇದೆ. ಐದು ಗಂಟೆಗೆ ಹೆಪ್ಪುಗಟ್ಟಿದ ಸರೋವರದಿಂದ ಮೀನು ಹಿಡಿಯೋ ಸೈನ್ಯ ಎಲ್ಲಾ ಬಂದು ಬೀಳುತ್ತೆ, ನಿಮ್ಮ ಮಗ ಲೈಲ್ ಮುಂದಾಳು... ಆಮೇಲೆ ಮೂಳೆನೂ ಸಿಗಲ್ಲ. ನೋಡಿ, ಮೂಳೆ ಹೆಂಗೆ ಜಾರ್ಕೊಂಡು ಬಂತು! ನಾನು ಎಳೀಲೇ ಇಲ್ಲ. ಬೆಣ್ಣೆ, ಬೆಣ್ಣೆ! ...ಏನಾದ್ರೂ ಹೇಳಿ. ತಲೆನಾದ್ರೂ ಆಡ್ಸಿ.

ಹೇಳಲ್ಲ. ಸರಿ. ಅಕ್ಟೋಬರಿಂದ ನನ್ನ ಹತ್ರ ಒಂದು ಮಾತಿಲ್ಲ. ಕಾಫಿ ಬೇಕಾದ್ರೆ ಲೋಟ ಕುಟ್ತೀರಿ. ಟಿವಿ ಜೋರಾದ್ರೆ ಕೆಮ್ತೀರಿ. ಮೊನ್ನೆ ಚರ್ಚಲ್ಲಿ ಪಾದ್ರಿ ಕೇಳಿದ್ರು, 'ಏನಮ್ಮ ಮಾರ್ಲಿಸ್, ನಿಮ್ಮ ಮಾವ ಓರ್ಲಿನ್‌ಗೆ ಗಂಟಲು ಕಟ್ಟಿದ್ಯಾ?' ಅಂತ. ಹೌದು ಅಂದೆ. ನಿಮ್ಮ ದೆಸೆಯಿಂದ ದೇವರ ಮನೇಲಿ ನಿಂತು ಸುಳ್ಳು ಹೇಳೋ ಹಂಗಾಯ್ತು!

ಒಪ್ಕೊಂಡಿದ್ದೀನಲ್ಲ ಮಾವ. ನಿಮ್ಮ ಪೀಪಾಯಿ ಒಲೇನ ಗುಜರಿಯವನಿಗೆ ಕೊಟ್ಟಿದ್ದು ನಾನೇ. ನೀವೇ ಎಣ್ಣೆ ಪೀಪಾಯಿ ಕೊಯ್ದು, ಬೆಸುಗೆ ಹಾಕಿ, ಮೂವತ್ತು ಚಳಿಗಾಲ ಅದರ ಮುಂದೆ ಕೂತು ಹೊಗೇಲಿ ಮಾಂಸ ಬೇಯಿಸಿದ್ರಿ, ನನಗೆ ಗೊತ್ತಿಲ್ವಾ? ಆದ್ರೆ ಸೆಪ್ಟೆಂಬರಲ್ಲಿ ಒಂಬತ್ತು ದಿನ ಆಸ್ಪತ್ರೇಲಿ ಮೂಗಿಗೆ ಕೊಳವೆ ಹಾಕ್ಕೊಂಡು ಮಲಗಿದ್ದು ಯಾರು? ಡಾಕ್ಟರಮ್ಮ 'ಇನ್ಮೇಲೆ ಹೊಗೆ ಬೇಡ, ಚಳೀಲಿ ನಿಲ್ಲೋದು ಬೇಡ' ಅಂದ್ರೆ ಕಿಟಕಿ ಕಡೆ ಮುಖ ತಿರುಗಿಸಿದ್ದು ಯಾರು? ಒಲೆ ಅಂಗಳದಲ್ಲಿದ್ರೆ ನೀವು ಒಳಗೆ ಇರ್ತಿದ್ರಾ? ನನಗೆ ಭಯ ಆಯ್ತು. ಅಷ್ಟೇ. ನಿಮ್ಮನ್ನ ಮತ್ತೆ ಆ ಹಾಸಿಗೆ ಮೇಲೆ ನೋಡೋಕೆ ನನ್ನ ಕೈಲಿ ಆಗಲ್ಲ.

ಅದಕ್ಕೇ ಈ ಪೆಲೆಟ್ ಗ್ರಿಲ್. ನಿಮ್ಮ ಕಣ್ಣಿಗೆ ಅದು ಆಟದ ಸಾಮಾನು, ಇರಲಿ. ಕಟ್ಟಿಗೆ ಸೀಳೋದಿಲ್ಲ, ಬೆಂಕಿ ಊದೋದಿಲ್ಲ. ಮರದ ಪುಡಿ ಒತ್ತಿ ಮಾಡಿದ ಗುಳಿಗೆಗಳನ್ನ ಸುರಿ, ವೈರು ಚುಚ್ಚು, ಗುಂಡಿ ಒತ್ತು, ಒಳಗೆ ಬಂದು ಟೋಪಿ ಹೆಣೀತಾ ಕೂತ್ಕೋ! ಅದೇ ಗುಳಿಗೆ ತಿನ್ನುತ್ತೆ, ಅದೇ ಹೊಗೆ ಬಿಡುತ್ತೆ. ಸೊನ್ನೆಗಿಂತ ಇಪ್ಪತ್ತು ಕೆಳಗೆ ಇವತ್ತು! ಆದ್ರೂ ಒಂಚೂರು ತೊಂದರೆ ಕೊಡಲಿಲ್ಲ. ಬೆಳಗಿನ ಜಾವ ಒಂದ್ಸಲ ಹಚ್ಚಿದ್ದು, ತಿರುಗಿ ನೋಡಿಲ್ಲ ನಾನು.

ಯಾಕೆ ನಗ್ತೀರಿ? ನಕ್ರಿ, ನಕ್ರಿ, ಮೀಸೆ ಅಲ್ಲಾಡ್ತು, ನಾನು ಕಂಡೆ.

ಏನು, ಕಿಟಕೀಲಿ ಏನು? ಅಲ್ಲೇ ಇದೆಯಲ್ಲ ಗ್ರಿಲ್. ...ಮುಚ್ಚಳದ ಮೇಲೆ ಹಿಮ ಇದ್ರೆ? ಇರುತ್ತೆ! ಹಿಮ ಬಿದ್ರೆ ಹಿಮ ಇರುತ್ತೆ. ಅದಕ್ಕೆ ಕಂಬಳಿ ಹೊದಿಸಿದ್ದೀನಿ ಮಾವ, ಬೆಸುಗೆಯವರದ್ದು, ಬೆಂಕಿ ತಾಗದೇ ಇರೋ ಕಂಬಳಿ. ಒಳಗಿನ ಶಾಖ ಹೊರಗೆ ಬರಲ್ಲ, ಹೊರಗಿನ ಹಿಮ ಕರಗಲ್ಲ. ಈ ಚಳೀಲಿ ಎಲ್ಲಾರೂ ಹಂಗೇ ಮಾಡೋದು.

ಗ್ರಿಲ್ಲಿನ ಚಿಮಣಿ? ಚಿಮಣಿಗೇನಾಗಿದೆ... ಹೂಂ, ಅದರ ತಲೆ ಮೇಲೂ ಒಂದು ಗುಡ್ಡೆ ಇದೆ. ಗಾಳಿ! ಗಾಳಿ ತಂದು ಹಾಕಿರುತ್ತೆ. ಈಗ ತಾನೇ. ಹಂಗೆ ನೋಡ್ಬೇಡಿ ನನ್ನ.

ತಿನ್ನಿ ಅಂತ ಕೊಟ್ರೆ ಮೂಸಿ ನೋಡ್ತಾ ಇದ್ದೀರಲ್ಲ! ಇಲ್ಲ, ನನ್ನ ಕೋಟು ಯಾಕೆ ಮೂಸ್ತೀರಿ? ಬಿಡಿ ಮಾವ, ತೋಳು ಬಿಡಿ! ಹಿಕರಿ ಮರದ ಹೊಗೆ ವಾಸನೆ ಬಂದ್ರೆ ಏನೀಗ? ಗುಳಿಗೇನೂ ಹಿಕರೀದೇ! ಕೈಗವಸು ಸುಟ್ಟಿದ್ದು... ಅದು ಹಳೇದು. ಬೂಟಿಗೆ ಬೂದಿ... ಅದು... ಕೋಳಿಗೂಡಿಗೆ ಹೋಗಿದ್ದೆ.

ಕೋಳಿ ಹೋದ ವರ್ಷವೇ ಮಾರಿದ್ವಿ. ಗೊತ್ತು. ಗೊತ್ತು ಮಾವ.

ಬೆರಳು ಇಳಿಸಿ. ಯಾವ ಹೊಗೆ? ನನಗೇನೂ ಕಾಣಲ್ಲ. ಟ್ರ್ಯಾಕ್ಟರ್ ಶೆಡ್ಡಿನ ಹಿಂದಿಂದ ಹೊಗೆ ಏಳೋಕೆ ಅಲ್ಲೇನಿದೆ... ಮಂಜು ಇರ್ಬೇಕು. ...ಏನಾದ್ರೂ ಅನ್ನಿ ಮಾವ. ಸುಳ್ಳಿ ಅನ್ನಿ, ಕಳ್ಳಿ ಅನ್ನಿ. ಹಿಂಗೆ ಸುಮ್ನೆ ಕೂರ್ಬೇಡಿ.

ಸರಿ! ಸರಿ. ಕೇಳಿ. ಬೆಳಗಿನ ಜಾವ ಗುಂಡಿ ಒತ್ತಿದೆ. ಗುರ್ರ್ ಅಂತು, ಗೊರಕೆ ಹೊಡೀತು, ನಿಂತೇ ಹೋಯ್ತು. ಗುಳಿಗೆ ತೇವ ಕುಡಿದು ಊದ್ಕೊಂಡು ಹಿಟ್ಟಾಗಿತ್ತು, ಅದನ್ನ ತಳ್ಳೋ ತಿರುಪು ಹೆಪ್ಪುಗಟ್ಟಿತ್ತು. ಇಪ್ಪತ್ತು ಜನಕ್ಕೆ ಊಟಕ್ಕೆ ಹೇಳಿದ್ದೀನಿ! ಏನು ಮಾಡ್ಲಿ? ಶೆಡ್ಡಿನ ಹಿಂದೆ ಹೋಗಿ ಟಾರ್ಪಾಲು ಎಳೆದೆ...

ಹೌದು. ನಿಮ್ಮ ಒಲೇನ ಗುಜರಿಗೆ ಕೊಟ್ಟಿಲ್ಲ. ಬಂದಿದ್ದ ಅವನು, ಲಾರಿ ತಂದು ನಿಲ್ಸಿದ್ದ. ಅದರ ಬಾಗಿಲ ಹಿಡಿಗೆ ನೀವು ಸುತ್ತಿದ್ದೀರಲ್ಲ, ಅತ್ತೆಯ ಆ ನೀಲಿ ಮಫ್ಲರಿನ ತುಂಡು... ಅದನ್ನ ಬಿಚ್ಚೋಕೆ ಹೋದೆ. ಕೈ ಬರಲಿಲ್ಲ. ಅವನನ್ನ ವಾಪಸು ಕಳಿಸಿ, ನೀವು ಮಲಗಿದ್ದಾಗ ಲೈಲ್ ಹತ್ರ ಶೆಡ್ಡಿನ ಹಿಂದಕ್ಕೆ ಎಳೆಸಿಬಿಟ್ಟೆ. ನಿಮಗೆ ಮಾತ್ರ ಹೋಯ್ತು ಅಂದೆ. ಹೋಯ್ತು ಅಂದ್ರೆ ನೀವು ಒಳಗಿರ್ತೀರಿ ಅಂತ. ಇವತ್ತು ಈ ಗ್ರಿಲ್ಲೇ ಬೇಯಿಸ್ತು ಅಂತ ನೀವು ನಂಬಿಬಿಟ್ರೆ, ರುಚಿ ಹಂಗೇ ಇದೆ ಅನ್ನಿಸಿದ್ರೆ, ಮುಂದಕ್ಕೂ ಒಳಗೇ ಇರ್ತೀರಿ ಅಂತ...

ಹತ್ತು ಗಂಟೆ ನಿಂತಿದ್ದೀನಿ ಮಾವ ಅದರ ಮುಂದೆ. ಮೂಗು ಉದುರಿ ಹೋಯ್ತು ಅಂದ್ಕೊಂಡೆ. ನೀವು ಮುಚ್ಚಳಕ್ಕೆ ಕಿವಿ ಇಟ್ಟು ಮಾಂಸ ಬೇಯೋ ಸದ್ದು ಕೇಳ್ತಿದ್ರಲ್ಲ, ಹಂಗೇ ಕೇಳಿದೆ... ಕಿವಿ ಸುಡ್ತು.

ಈಗ ನಗಿ. ಜೋರಾಗೇ ನಗಿ, ಪರವಾಗಿಲ್ಲ.

ಎಲ್ಲಿಗೆ? ಕೂತ್ಕೊಳ್ಳಿ! ಬೂಟು ಯಾಕೆ? ಮಾವ, ಡಾಕ್ಟರಮ್ಮ... ಅಯ್ಯೋ ದೇವರೇ, ಎಡಗಾಲಿಗೆ ಬಲದ್ದು ಹಾಕ್ತಿದ್ದೀರಿ! ತಾಳಿ. ತಾಳಿ, ನಾನು ಹಾಕ್ತೀನಿ. ಒಲೆ ಹತ್ರ ಅಲ್ಲ, ಕೇಳಿಸ್ತಾ? ಶೆಡ್ಡಿನ ಒಳಗೆ. ಹೀಟರ್ ಹಾಕಿದ್ದೀನಿ. ಹಿಂದಿನ ಕಿಟಕಿ ಹತ್ರ ನಿಮ್ಮ ಕುರ್ಚಿ ಇದೆ, ಕೂತ್ರೆ ಒಲೆ ನೇರ ಕಾಣುತ್ತೆ. ...ಹೂಂ, ಬೆಳಿಗ್ಗೆನೇ ತಂದಿಟ್ಟೆ. ಯಾಕಿಟ್ಟೆನೋ, ನನ್ನ ಕೇಳ್ಬೇಡಿ. ನಿಮ್ಮಿಂದ ಮುಚ್ಚಿಡ್ತಾ ಇದ್ದವಳು ನಿಮ್ಮ ಕುರ್ಚಿ ಹೊತ್ಕೊಂಡು ಹೋದೆ ನೋಡಿ, ನನ್ನ ಬುದ್ಧಿ! ನೀವು ಗಾಜಿನ ಒಳಗೆ, ನಾನು ಹೊರಗೆ. ಕಟ್ಟಿಗೆ ನಾನು ಹಾಕ್ತೀನಿ. ನೀವು ಗಾಜು ಕುಟ್ಟಿ, ಕೈ ಬೀಸಿ, ಏನು ಬೇಕಾದ್ರೂ ಮಾಡಿ. ಹೊರಗೆ ಕಾಲಿಟ್ರೆ ಮಾತ್ರ ಈ ಸಲ ನಿಜವಾಗ್ಲೂ ಗುಜರಿ.

ಟೋಪಿ. ಕಿವಿ ಮುಚ್ಕೊಳ್ಳಿ. ಇನ್ನೂ ಯಾಕೆ ಆ ಹೊಗೇನೇ ನೋಡ್ತಾ ನಿಂತ್ರಿ?

...ಏನಂದ್ರಿ?

ಮಾವ, ಏನೋ ಅಂದ್ರಿ! ಅಂದ್ರಿ, ನನಗೆ ಕೇಳಿಸ್ತು, ಇನ್ನೊಂದ್ಸಲ ಅನ್ನಿ.

'ಹೊಗೆ ಬಿಳಿ ಇದೆ, ಕಟ್ಟಿಗೆ ಹಸಿ'?

ಮೂರು ತಿಂಗಳು! ಮೂರು ತಿಂಗಳಾದ ಮೇಲೆ ಬಾಯಿ ಬಿಟ್ಟು ಆಡಿದ ಮೊದಲನೇ ಮಾತು ಇದಾ? ...ಇಲ್ಲ, ಅಳ್ತಾ ಇಲ್ಲ, ಹೊಗೆ. ಹಸೀನೇ ಮಾವ, ನಿಜ, ಹಸೀನೇ. ಬನ್ನಿ, ಕೈ ಕೊಡಿ, ಮೆಟ್ಟಿಲು ಜಾರುತ್ತೆ. ಇನ್ನೇನೇನು ತಪ್ಪು ಮಾಡಿದ್ದೀನೋ, ನಡೀತಾ ನಡೀತಾ ಎಲ್ಲಾ ಹೇಳಿ.