ಲೊಚ್ ಎಂದವರ ಬಳಿ ಹೋದ ಗಿಳಿಯ ಕುರಿತು ಹೇಳಿಕೆ

ಕರೆಯುವ ಹೆಸರು: ಚಡಪಡ (ಪೂರ್ಣ ಹೆಸರು ಲಗತ್ತಿಸಿರುವ ಗುರುತಿನ ಚೀಟಿಯಂತೆ)
ವಯಸ್ಸು: 23 ವರ್ಷ
ಕೆಲಸ: ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ, ರಾತ್ರಿ ಪಾಳಿ
ವಾಸ: ಕನ್ನಡಕದಂಗಡಿ ಯಜಮಾನರ ಮನೆಯ ತಾರಸಿ ಮೇಲಿನ ಒಂಟಿ ಕೋಣೆ

ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ರಸ್ತೆಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಕ್ಕ ಯಜಮಾನರ ಗಿಳಿಯನ್ನು ಕದ್ದಿಲ್ಲ. ಗಿಳಿ ತಾನಾಗಿ ಅವರ ಬಳಿಗೆ ಹೋಯಿತು. ಹೋಗುವಂತೆ ಮಾಡಿದ್ದು ನಾನು ಕಲಿಸಿದ ಪಾಠ. ‘ಮೊದಲು ಮುಖ್ಯವಾದದ್ದು ಹೇಳು, ಪುರಾಣ ಆಮೇಲೆ’ ಎಂದು ಠಾಣೆಯ ರೈಟರ್ ಮೇಡಂ ಅಪ್ಪಣೆ ಮಾಡಿದ್ದರಿಂದ ಇದನ್ನು ಮೊದಲೇ ಹೇಳಿದ್ದೇನೆ. ನಾನು ಒಂದು ಕಡೆ ಕೂತು ಮಾತಾಡುವ ಆಸಾಮಿಯಲ್ಲ. ಪಾಳಿಯ ಬಿಡುವಿನಲ್ಲಿ ಓಡಾಡುತ್ತಾ ಫೋನಿಗೆ ಹೇಳಿ ಕಳಿಸುತ್ತೇನೆ, ನೀವು ಬರೆದುಕೊಳ್ಳಿ ಎಂದು ಕೇಳಿದೆ. ಅವರು ಒಪ್ಪಿದರು. ಅದಕ್ಕಾಗಿ ಅವರಿಗೆ ಋಣಿ. ಹಿಂದೆ ಗರಗರ ಸದ್ದು ಕೇಳಿಸಿದರೆ ಅದು ಬ್ರೆಡ್ ಕತ್ತರಿಸುವ ಯಂತ್ರ, ಗಾಬರಿಯಾಗಬಾರದು.

ನಾನು ಬೇರೆ ಊರಿನವನು. ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯಿತು. ಬಂದ ದಿನ ಬಾಡಿಗೆ ಕೋಣೆ ಹುಡುಕುತ್ತಾ ಒಂದೇ ರಸ್ತೆಯಲ್ಲಿ ಮೂರನೇ ಸಲ ಹೋಗುತ್ತಿದ್ದಾಗ ಇಸ್ತ್ರಿ ಅಕ್ಕ ಮೇಜಿನ ಹಿಂದಿನಿಂದ, ‘ಏನಪ್ಪಾ, ರಸ್ತೆ ಅಳತೆ ಮಾಡೋಕೆ ಬಂದಿದೀಯಾ?’ ಎಂದು ಕೇಳಿದರು. ಒಬ್ಬಂಟಿ ಹುಡುಗರಿಗೆ ಯಾರೂ ಕೋಣೆ ಕೊಡುತ್ತಿಲ್ಲ ಎಂದೆ. ಅವರು ಲೊಚಗುಟ್ಟಿದರು. ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು, ನನ್ನ ಚೀಲದ ಒಂದು ಹಿಡಿಕೆಯನ್ನು ತಾವೇ ಹಿಡಿದು, ಕನ್ನಡಕದಂಗಡಿ ಯಜಮಾನರ ಮನೆಗೆ ಕರೆದುಕೊಂಡು ಹೋದರು. ‘ನಮ್ಮ ಹುಡುಗನೇ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳಿ’ ಎಂದರು. ಆಗ ಅವರಿಗೆ ನನ್ನ ಹೆಸರು ಕೂಡ ಗೊತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ಯಜಮಾನರು ಒಂದು ಗಿಳಿ ತಂದರು. ಅದರ ಹೆಸರು ಮಿಡಿ. ಮಿಡಿ ಕೈಗೆ ಸಿಕ್ಕಿದವರನ್ನೆಲ್ಲ ಕಚ್ಚುತ್ತಿತ್ತು. ಯಜಮಾನರಿಗೆ ಅದರ ಮೇಲೆ ಪ್ರಾಣ. ಆದರೆ ಅವರಿಗೆ ಗೊತ್ತಿದ್ದ ಮುದ್ದು ಎಂದರೆ ಗದರಿಸುವುದು. ಕಚ್ಚಿದರೆ ಪಂಜರ ಬಡಿಯುವರು, ಕಿರುಚಿದರೆ ಮೇಲೆ ಬಟ್ಟೆ ಹೊದಿಸುವರು. ಯಜಮಾನಿ ಅಮ್ಮ ಒಂದು ದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು, ‘ಇವತ್ತು ನನ್ನ ಬೆರಳು ಆಯ್ತು, ನಾಳೆ ನಿಮ್ಮ ಮೂಗು. ಆಮೇಲೆ ಕನ್ನಡಕ ಎಲ್ಲಿ ಕೂರಿಸ್ತೀರಿ ನೋಡ್ತೀನಿ. ತಂದಲ್ಲಿಗೇ ಬಿಟ್ಟು ಬನ್ನಿ’ ಎಂದರು. ಯಜಮಾನರ ಮುಖ ಇಷ್ಟೇ ಇಷ್ಟಾಯಿತು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡವನು, ನನಗೊಂದು ತಿಂಗಳು ಕೊಡಿ ಎಂದೆ.

ಹಗಲು ನನಗೆ ನಿದ್ದೆ ಬರುವುದಿಲ್ಲ. ಆ ಹೊತ್ತಿನಲ್ಲಿ ಫೋನಿನಲ್ಲಿ ನೋಡಿ ಕಲಿತೆ. ಪದ್ಧತಿ ಹೀಗಿದೆ: ಹಕ್ಕಿ ತಪ್ಪು ಮಾಡಿದರೆ ಸುಮ್ಮನಿರಬೇಕು. ಸರಿ ಮಾಡಿದ ಕ್ಷಣಕ್ಕೇ ಒಂದು ಚಿಕ್ಕ ಸದ್ದು ಮಾಡಿ ಒಂದು ಕಾಳು ಕೊಡಬೇಕು. ಸದ್ದು ಎಂದರೆ ‘ಇದೇ ಸರಿ, ಬಾ, ತಗೋ’ ಎಂದು ಅರ್ಥ. ಸದ್ದು ಮಾಡಿದ ಮೇಲೆ ಕಾಳು ಕೊಡಲೇಬೇಕು, ಕೈಯಲ್ಲಿ ಇಲ್ಲದಿದ್ದರೆ ಓಡಿ ಹೋಗಿಯಾದರೂ ತರಬೇಕು. ಅದಕ್ಕೆಂದೇ ಟಕ್ ಎನ್ನುವ ಒಂದು ಗುಂಡಿಯ ಸಾಮಾನು ಮಾರುತ್ತಾರೆ. ನಾನು ನಾಲಿಗೆಯಲ್ಲೇ ಮುಗಿಸಿದೆ. ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಲೊಚ್ ಎನ್ನುವುದು, ಸೂರ್ಯಕಾಂತಿ ಬೀಜ ಕೊಡುವುದು.

ಮೊದಲು ಮಿಡಿ ಒಂದು ಚಮಚದ ತುದಿಯನ್ನು ನೋಡಿದರೆ ಲೊಚ್. ಆಮೇಲೆ ಮುಟ್ಟಿದರೆ ಲೊಚ್. ಆಮೇಲೆ ಚಮಚದ ಹಿಂದೆ ನಡೆದರೆ, ಕೈ ಮೇಲೆ ಹತ್ತಿದರೆ, ಒಂದು ಸುತ್ತು ತಿರುಗಿದರೆ, ತಲೆ ಬಗ್ಗಿಸಿದರೆ. ಒಂದು ವಾರ ಏನೂ ಆಗಲಿಲ್ಲ, ಆಮೇಲೆ ಎಲ್ಲ ಆಯಿತು. ಆ ಪಾಠದ ಹೊತ್ತಿನಲ್ಲಿ ಮಾತ್ರ ನನ್ನ ಕಾಲು ಅಲುಗಾಡುವುದು ನಿಲ್ಲುತ್ತಿತ್ತು. ಕಾರ್ಖಾನೆಯ ಮೇಸ್ತ್ರಿಯೂ ಇತ್ತೀಚೆಗೆ ‘ಏನೋ, ಮನುಷ್ಯ ಆಗ್ತಿದೀಯ’ ಎಂದಿದ್ದಾರೆ. ಅದನ್ನು ಆ ಹಕ್ಕಿಯ ಲೆಕ್ಕಕ್ಕೆ ಬರೆದುಕೊಳ್ಳಬೇಕು. ರೈಟರ್ ಮೇಡಂ, ಈ ಸಾಲು ಬೇಡ ಎನಿಸಿದರೂ ದಯವಿಟ್ಟು ತೆಗೆಯಬೇಡಿ.

ನಾನು ಯೋಚಿಸದೆ ಹೋದದ್ದು ಒಂದೇ. ನಮ್ಮ ಜನ ಅಯ್ಯೋ ಪಾಪ ಎನಿಸಿದಾಗಲೆಲ್ಲ ಲೊಚಗುಟ್ಟುತ್ತಾರೆ. ಯಜಮಾನಿ ಅಮ್ಮ ಟಿ.ವಿ.ಯಲ್ಲಿ ಅಪಘಾತದ ಸುದ್ದಿ ನೋಡಿ ಲೊಚ್ ಎಂದರೆ ಮಿಡಿ ಅವರ ಮಂಡಿಗೆ ಬಂದು ಒಂದು ಸುತ್ತು ತಿರುಗಿ, ತಲೆ ಬಗ್ಗಿಸಿ ಕಾಯುತ್ತಿತ್ತು. ‘ನೋಡೋ ಇದನ್ನ, ಯಾರೋ ಕಾಲು ಮುರ್ಕೊಂಡ್ರೆ ಇದು ಕುಣೀತದೆ’ ಎಂದು ಅವರು ನಗುತ್ತಿದ್ದರು. ನಾನೂ ನಗುತ್ತಾ ಕಾಳು ಕೊಟ್ಟೆ.

ಕಳೆದ ಭಾನುವಾರ ನನಗೆ ಹಗಲು ಪಾಳಿಯನ್ನೂ ಹಾಕಿದ್ದರು. ಸೋಮವಾರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಯುವವರೆಗೆ ಫೋನ್ ಕಾರ್ಖಾನೆಯ ಬೀರುವಿನಲ್ಲೇ ಇತ್ತು. ಆ ದಿನ ನಡೆದದ್ದನ್ನು ಯಜಮಾನಿ ಅಮ್ಮನಿಂದಲೂ ಇಸ್ತ್ರಿ ಅಕ್ಕನಿಂದಲೂ ಕೇಳಿ ತಿಳಿದಿದ್ದೇನೆ. ಬೆಳಿಗ್ಗೆ 10.20ಕ್ಕೆ ಯಜಮಾನರು ಮೊದಲ ಮಹಡಿಯ ಪಡಸಾಲೆಯಲ್ಲಿ ಪಂಜರ ತೊಳೆಯುತ್ತಿದ್ದರು. ಮಿಡಿ ಕುರ್ಚಿಯ ಬೆನ್ನಿನ ಮೇಲಿತ್ತು, ಕಿಟಕಿ ತೆರೆದಿತ್ತು. ಅಲ್ಲಿಂದ ಇಸ್ತ್ರಿ ಮೇಜಿಗೆ ಅರವತ್ತು ಅಡಿ. ಯಜಮಾನರು ನೀರು ತರಲು ಹೋಗಿ ಬರುವಷ್ಟರಲ್ಲಿ ಗಿಳಿ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮನೆಗೆ ಬೀಗ ಹಾಕಿ, ಮೇಲೆ ನೋಡುತ್ತಾ ಎರಡು ದಿಕ್ಕಿಗೆ ಓಡಿದರು. ಕೆಳಗಿನ ಮೇಜಿನ ಕಡೆ ಯಾರೂ ನೋಡಲಿಲ್ಲ.

ಮಿಡಿ ಆಗ ಇಸ್ತ್ರಿಯಾದ ಬಟ್ಟೆಗಳ ಮೇಲೆ ಕೂತು ತಲೆ ಬಗ್ಗಿಸುತ್ತಿತ್ತು. ಅಕ್ಕ ಅದನ್ನು ಬುಟ್ಟಿಯಲ್ಲಿಟ್ಟು, ಬೆಕ್ಕಿನ ಭಯಕ್ಕೆ ಮೇಲೊಂದು ಬಟ್ಟೆ ಕಟ್ಟಿ, ಯಜಮಾನರ ಮನೆಗೆ ಒಯ್ದರು. ಬೀಗ ಕಂಡು ವಾಪಸ್ ಬಂದರು. ಯಜಮಾನರ ನಂಬರ್ ಅವರ ಬಳಿ ಇಲ್ಲದ್ದರಿಂದ 11.02ಕ್ಕೂ 11.40ಕ್ಕೂ ನನಗೆ ಫೋನ್ ಮಾಡಿದ್ದಾರೆ. ಆ ಎರಡು ಕರೆಗಳನ್ನು ರೈಟರ್ ಮೇಡಂ ನನ್ನ ಫೋನಿನಲ್ಲಿ ನೋಡಿದ್ದಾರೆ. ಮಧ್ಯಾಹ್ನವಾದರೂ ಬೀಗ ತೆಗೆಯದ್ದರಿಂದ ಬುಟ್ಟಿಯನ್ನು ತಮ್ಮ ಮನೆಗೆ ಒಯ್ದರು.

ಯಾರೋ ಸುದ್ದಿ ಕೊಟ್ಟಿದ್ದರಿಂದ ಸಂಜೆ 6ಕ್ಕೆ ಯಜಮಾನರು ಅಲ್ಲಿಗೆ ಬಂದರು. ಅಕ್ಕ ಬುಟ್ಟಿಯ ಬಟ್ಟೆ ಬಿಚ್ಚಿದರು. ‘ಬಾ ಮಿಡಿ, ಬಾ’ ಎಂದು ಕೈ ಚಾಚಿದರು. ಅದು ಕದಲಲಿಲ್ಲ. ಅಕ್ಕ, ‘ಲೊಚ್, ಪಾಪ, ಹೆದರ್ಕೊಂಡಿದೆ’ ಎಂದರು. ಗಿಳಿ ಯಜಮಾನರ ಕೈಯನ್ನು ದಾಟಿ ಅಕ್ಕನ ಹೆಗಲಿಗೆ ಹೋಗಿ ಕೂತಿತು. ಯಜಮಾನರು ಎರಡನೇ ಸಲ ಕರೆದರು. ಅಕ್ಕ ಎರಡನೇ ಸಲ ‘ಲೊಚ್, ಪಾಪ’ ಎಂದರು, ಗಿಳಿ ಹೆಗಲ ಮೇಲೇ ಉಳಿಯಿತು. ಯಜಮಾನರು, ‘ಎಷ್ಟು ದಿನದಿಂದ ಕಾಳು ಹಾಕಿ ಒಲಿಸ್ಕೊಂಡಿದೀಯ? ನಾನು ಎಂಟು ತಿಂಗಳು ಬಾ ಬಾ ಅಂದ್ರೂ ಬರದ್ದು ನಿನ್ನ ಹತ್ರ ಹೇಗೆ ಬರತ್ತೆ?’ ಎಂದು ಕೇಳಿದರು. ‘ನನಗೇನ್ ಗೊತ್ತು? ಅದನ್ನೇ ಕೇಳಿ’ ಎಂದು ಅಕ್ಕ ಹೇಳಿದರು. ಅದನ್ನು ಜಾರಿಕೊಳ್ಳುವ ಮಾತು ಎಂದುಕೊಂಡು ಯಜಮಾನರು 7.15ಕ್ಕೆ ಠಾಣೆಯಲ್ಲಿ ದೂರು ಕೊಟ್ಟರು. ಪೊಲೀಸರು ಗಿಳಿಯನ್ನು ಅದರ ಪಂಜರದಲ್ಲಿಟ್ಟು ಠಾಣೆಗೆ ಒಯ್ದರು.

ವಿಚಾರಣೆ ಮುಗಿಯುವವರೆಗೆ ಮೂಲೆಯಲ್ಲಿ ಮೇಜು ಹಾಕಬಾರದು ಎಂದು ಠಾಣೆಯವರು ಅಕ್ಕನಿಗೆ ಹೇಳಿದರು. ನಾಲ್ಕು ಮನೆಯವರು ಬಟ್ಟೆ ವಾಪಸ್ ತರಿಸಿಕೊಂಡರು. ಇಸ್ತ್ರಿ ಕೆಲಸದಲ್ಲಿ ಬಟ್ಟೆಯ ಜೊತೆ ಜೇಬೂ ಜೇಬಿನಲ್ಲಿ ಮರೆತ ದುಡ್ಡೂ ಬರುತ್ತವೆ, ಅಕ್ಕ ನೋಡಿ ವಾಪಸ್ ಕೊಡುತ್ತಾರೆ. ಕಳ್ಳಿ ಎಂಬ ಮಾತು ಅಂಟಿದರೆ ಆ ಕೆಲಸ ಅಲ್ಲಿಗೆ ಮುಗಿದಂತೆ.

ಸೋಮವಾರ ಬೆಳಿಗ್ಗೆ 8.40ಕ್ಕೆ ಪಾಳಿ ಮುಗಿಸಿ ಬಂದಾಗ ನನಗೆ ವಿಷಯ ತಿಳಿಯಿತು. ಬ್ಯಾಗು ಹೆಗಲಿನಿಂದ ಇಳಿಸದೆ ಅಕ್ಕನ ಮನೆಗೆ ಹೋದೆ. ಅವರು ಹೊಸ್ತಿಲಲ್ಲಿ ಕೂತು, ಮಡಚಿದ್ದ ಒಂದೇ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಚುತ್ತಿದ್ದರು.

‘ನೀನ್ಯಾಕೆ ಅಳೋ ಮುಖ ಮಾಡ್ಕೊಂಡಿದೀಯ? ಕಳ್ಳಿ ನಾನಲ್ವಾ?’ ಎಂದರು.

‘ಅಕ್ಕಾ, ಗಿಳಿ ಬಂದಾಗ ನೀವು ಏನ್ ಮಾಡ್ತಿದ್ರಿ, ಸರಿಯಾಗಿ ಹೇಳಿ’ ಎಂದೆ.

‘ಏನ್ ಮಾಡ್ತಾರೆ? ದರ್ಜಿಯಣ್ಣ ಬಂದಿದ್ದ. ಅವರಮ್ಮ ಜಾರಿ ಬಿದ್ರು ಅಂದ. ಲೊಚ್ ಲೊಚ್ ಲೊಚ್ ಅಂದೆ. ಮನುಷ್ಯರಾದೋರು ಅಷ್ಟೂ ಅನ್ನಲ್ವಾ?’

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮೂರು ಸಲ ಸರಿ, ಬಾ, ತಗೋ. ಮಿಡಿ ಹೇಗೆ ತಾನೇ ಸುಮ್ಮನಿದ್ದೀತು?

11.30ಕ್ಕೆ ಠಾಣೆಗೆ ಬಂದೆ. ಯಜಮಾನರನ್ನೂ ಕರೆಸಿದ್ದರು. ಪಂಜರ ರೈಟರ್ ಮೇಡಂ ಮೇಜಿನ ಮೇಲಿತ್ತು, ಅದಕ್ಕೆ ಮುದ್ದೆಮಾಲು, ಅಂದರೆ ಕಳವಿನ ಕೇಸಿನಲ್ಲಿ ವಶಪಡಿಸಿಕೊಂಡ ವಸ್ತು, ಎಂದು ಚೀಟಿ ಅಂಟಿಸಿದ್ದರು. ಮಿಡಿ ಆ ಚೀಟಿಯ ಅರ್ಧ ತಿಂದಿತ್ತು. ನಾನು ಎಲ್ಲವನ್ನೂ ಹೇಳಿದೆ. ಯಜಮಾನರು, ‘ಹುಡುಗ ಅವಳ ಪರ ಕಟ್ಟುಕಥೆ ಹೇಳ್ತಿದಾನೆ’ ಎಂದರು. ರೈಟರ್ ಮೇಡಂ, ಆ ಸದ್ದು ಮಾಡಿ ತೋರಿಸು ಎಂದರು. ನಾನು ಮಾಡಿದರೆ ಕಲಿಸಿದವನ ಬಳಿ ಬಂತು ಎನ್ನುತ್ತಾರೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ ಎಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಪಂಜರದ ಬಾಗಿಲು ತೆಗೆದರು, ಕಿಟಕಿ ಹಾಕಿದರು. ಮಿಡಿ ಹೊರಗೆ ಬರಲಿಲ್ಲ.

ಅದನ್ನು ನೋಡುತ್ತಾ ಯಜಮಾನರು ಮಾತಾಡತೊಡಗಿದರು. ‘ಅಂಗಡಿಯಿಂದ ಬಂದ ತಕ್ಷಣ ಮೊದಲು ಇದರ ಮುಖ ನೋಡ್ತೀನಿ ಮೇಡಂ. ನನ್ನ ಮುಖ ಕಂಡ್ರೆ ಇದು ಒಳಗಿನ ಮೂಲೆಗೆ ಸರಿಯುತ್ತೆ. ಆದ್ರೂ ನೋಡ್ತೀನಿ. ನಿನ್ನೆ ಪಂಜರ ಖಾಲಿ ಇದ್ರೂ ಅದರೊಳಗೆ ಕಾಳು ನೀರು ಹಾಕಿಟ್ಟೆ.’

ರೈಟರ್ ಮೇಡಂ ಬರೆಯುವುದನ್ನು ನಿಲ್ಲಿಸಿ, ತಮಗೇ ಗೊತ್ತಿಲ್ಲದೆ ಲೊಚ್ ಎಂದರು.

ಮಿಡಿ ಪಂಜರದಿಂದ ಇಳಿಯಿತು. ಕಡತಗಳ ಮೇಲೆ ನಡೆದು, ಸೀಲಿನ ಡಬ್ಬಿ ದಾಟಿ, ಮೇಡಂ ಅವರ ಕೈ ಹತ್ತಿ, ಒಂದು ಸುತ್ತು ತಿರುಗಿ ತಲೆ ಬಗ್ಗಿಸಿತು. ಕಾವಲಿಗಿದ್ದ ಪೇದೆ ಬಾಗಿಲಿಗೆ ಒರಗಿ ನಕ್ಕರು. ಮೇಡಂ ಕೈ ಅಲುಗಿಸದೆ, ‘ಯಜಮಾನ್ರೇ, ಈಗ ನನ್ನ ಮೇಲೂ ಒಂದು ದೂರು ಕೊಡ್ತೀರಾ?’ ಎಂದು ಕೇಳಿದರು.

ಯಜಮಾನರು ನನ್ನ ಕಡೆ ತಿರುಗಿ ಮೆಲ್ಲಗೆ, ‘ಮತ್ತೆ ನನ್ನ ಹತ್ರ ಯಾಕೋ ಬರಲ್ಲ?’ ಎಂದರು.

‘ನೀವು ಯಾವತ್ತೂ ಲೊಚ್ ಅಂದಿಲ್ಲ ಸಾರ್’ ಎಂದೆ. ಕುಹಕಕ್ಕೆ ಹೇಳಿದ್ದಲ್ಲ. ಅವರು ತುಟಿ ಒರೆಸಿಕೊಂಡು ಪ್ರಯತ್ನ ಮಾಡಿದರು. ಚಪ್ ಎಂದಿತು. ಮಿಡಿ ಒಂದು ಕಣ್ಣಿನಿಂದ ಅವರನ್ನು ನೋಡಿತು. ಪರವಾಗಿಲ್ಲ ಸಾರ್, ಬರುತ್ತೆ, ಕಾಳು ಮಾತ್ರ ಕೊಟ್ಟುಬಿಡಿ ಎಂದು ನನ್ನ ಜೇಬಿನಿಂದ ಒಂದು ಬೀಜ ಕೊಟ್ಟೆ. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದು ಚಾಚಿದರು. ಮಿಡಿ ಕಚ್ಚದೆ ತೆಗೆದುಕೊಂಡಿತು.

ಯಜಮಾನರು ದೂರು ವಾಪಸ್ ಪಡೆಯುವುದಾಗಿ ಹೇಳಿದರು. ರೈಟರ್ ಮೇಡಂ, ‘ಈ ಹುಡುಗನ ಹೇಳಿಕೆ ಬರೆಸ್ಕೊಂಡು ಕಾಗದ ನಾನು ಮುಚ್ತೀನಿ. ರಸ್ತೆಯವರ ಬಾಯಿ ಮುಚ್ಚೋಕೆ ನನ್ನ ಹತ್ರ ಸೀಲ್ ಇಲ್ಲ’ ಎಂದರು. ಯಜಮಾನರು ಮಿಡಿಯನ್ನು ಪಂಜರಕ್ಕೆ ಸೇರಿಸಿ ಎತ್ತಿಕೊಂಡು ಹೊರಟರು.

ಅಂದೇ ಸಂಜೆ 5ಕ್ಕೆ ಅವರು ಅಂಗಡಿ ಮುಚ್ಚಿ ಅಕ್ಕನ ಮನೆಗೆ ಹೋದರು. ನನ್ನನ್ನು ಕರೆಯಲಿಲ್ಲ, ನಾನೇ ಹಿಂದೆ ಹೋದೆ. ‘ಮೇಜು ಎಲ್ಲಿ?’ ಎಂದರು. ಅಕ್ಕ ತೋರಿಸಿದರು. ಯಜಮಾನರು ಒಂದು ತುದಿ ಹಿಡಿದರು. ನಾನು ಇನ್ನೊಂದು ಹಿಡಿಯಲು ಹೋದರೆ ಅಕ್ಕ ನನ್ನನ್ನು ಸರಿಸಿ ತಾವೇ ಹಿಡಿದರು. ಅಲ್ಲಿಂದ ರಸ್ತೆಯ ಮೂಲೆಗೆ ನೂರೈವತ್ತು ಮೀಟರ್ ದೂರ, ರಸ್ತೆ ತುಂಬ ಜನ.

‘ಯಜಮಾನ್ರೇ, ನಿಮ್ಮ ತುದಿ ತಗ್ಗಾಯ್ತು, ಎತ್ತಿ’ ಎಂದು ಅಕ್ಕ ಎರಡು ಸಲ ಹೇಳಿದರು. ಅವರು ಎರಡು ಸಲವೂ ಎತ್ತಿದರು.

ಬಟ್ಟೆ ವಾಪಸ್ ತರಿಸಿಕೊಂಡಿದ್ದ ಒಂದು ಮನೆಯ ಹೆಂಗಸು ಮಹಡಿಯಿಂದ ಬಗ್ಗಿ, ‘ಏನ್ರೀ ಇದು, ಇಸ್ತ್ರಿ ಕೆಲಸಕ್ಕೆ ಸೇರಿದ್ರಾ?’ ಎಂದು ಕೇಳಿದರು.

‘ಹೂಂ, ಸೇರಿದೆ. ನಾನು ತಪ್ಪು ತಿಳ್ಕೊಂಡು ಇವರಿಗೆ ಕೆಟ್ಟ ಹೆಸರು ತಂದೆ. ವಾಪಸ್ ತರಿಸ್ಕೊಂಡ ಬಟ್ಟೆ ಕೆಳಗೆ ಕೊಡಿ’ ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು.

ಆ ಹೆಂಗಸು ಗಂಟು ಹಿಡಿದು ತಾವೇ ಇಳಿದು ಬಂದರು. ಅಕ್ಕ ಮೇಲಿನ ಅಂಗಿ ತೆಗೆದು ಅವರ ಮುಂದೆ ಹಿಡಿದು, ‘ಜೇಬು ನೀವೇ ಒಂದ್ಸಲ ನೋಡ್ಬಿಡಿ’ ಎಂದರು.

ಅವರು ಅಂಗಿಯನ್ನು ಮುಟ್ಟಲಿಲ್ಲ. ‘ಅದನ್ನೇನ್ ನೋಡೋದು? ಯಾವತ್ತೂ ನೀನೇ ತಾನೇ ನೋಡೋದು, ನೋಡು’ ಎಂದರು.

ಅಕ್ಕ ಜೇಬಿಗೆ ಕೈ ಹಾಕಿ ನೋಡಿದರು. ಏನೂ ಇರಲಿಲ್ಲ. ಆಮೇಲೆ ಅಂಗಿಗೆ ನೀರು ಚಿಮುಕಿಸಿದರು.

ನನಗೆ ತಿಳಿದದ್ದು ಇಷ್ಟೇ. ನಾನು ಫೋನಿಗೆ ಹೇಳಿದ್ದನ್ನು ರೈಟರ್ ಮೇಡಂ ಬರೆದು ಓದಿ ಹೇಳಿದ್ದಾರೆ. ಹೇಳಿದ್ದೆಲ್ಲ ಇದೆ, ಹೇಳದ್ದು ಯಾವುದೂ ಸೇರಿಲ್ಲ. ಯಾರ ಬಲವಂತವೂ ಇಲ್ಲದೆ, ಎಲ್ಲವೂ ನಿಜವೆಂದು ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ಠಾಣೆ, ರೈಟರ್ ಮೇಡಂ ಅವರ ಮೇಜು
ದಿನ: ಬುಧವಾರ, ಬೆಳಿಗ್ಗೆ 9.20
(ಸಹಿ) ಚಡಪಡ