ಮೂರೂ ಹತ್ತಕ್ಕೆ ಎಬ್ಬಿಸಪ್ಪ

ರಾತ್ರಿ ಹನ್ನೆರಡು ದಾಟಿತ್ತು. ನನ್ನ ಚಿಕ್ಕಪ್ಪನ ಮಗ ಸ್ಟೇಷನ್ನಿಂದ ಪಾಳುಬಾವಿ ದಾರಿ ಹಿಡಿದು ಮನೆಗೆ ಬರುತ್ತಿದ್ದ. ಆ ದಾರೀಲಿ ಹಗಲಲ್ಲೇ ನಾಯಿ ಕೂಡ ಓಡಾಡಲ್ಲ. ನಾನೊಬ್ಬ ಓಡಾಡಿದೀನಿ, ಅದು ಬೇರೆ ಮಾತು.

ಅವತ್ತು ಅವನ ಕೆಲಸ ಹೋಗಿತ್ತು. ಒಂದು ಪಟ್ಟಣದಿಂದ ಇನ್ನೊಂದಕ್ಕೆ ಇಡೀ ರಾತ್ರಿ ಓಡೋ ಏಸಿ ಎಕ್ಸ್‌ಪ್ರೆಸ್ಸಲ್ಲಿ ಹೊದಿಕೆ, ದಿಂಬು ಹಂಚೋ ಕೆಲಸ. ಜೊತೆಗೆ ಅವನ ಷಡ್ಡಕ. ಸರದಿ ಮೇಲೆ ಒಬ್ಬ ಮಲಗಬೇಕು, ಒಬ್ಬ ಎದ್ದಿದ್ದು ನಡುವೆ ಇಳಿಯೋರನ್ನ ಎಬ್ಬಿಸಬೇಕು.

ಅದಕ್ಕೆ ಹದಿನೈದು ದಿನ ಮುಂಚೆ ಒಬ್ಬ ಅಜ್ಜಿ, "ಮಗಳು ಆಸ್ಪತ್ರೇಲಿದಾಳೆ, ಮೂರೂ ಹತ್ತಕ್ಕೆ ಎಬ್ಬಿಸಪ್ಪ" ಅಂದಿದ್ದಳು. ಇವನು ಮಲಗೋ ಮುಂಚೆ ಷಡ್ಡಕನಿಗೆ ಹೇಳಿದ. ಅವನು ಹೂಂ ಅಂದ. ಹೂಂ ಅಂದವನೇ ಗೊರಕೆ ಹೊಡೆದ. ಆ ಸ್ಟೇಷನ್ ಬಿಟ್ಟರೆ ರೈಲು ನಿಲ್ಲೋದು ಬೆಳಗ್ಗೇನೇ. ಅಜ್ಜಿ ವಾಪಸ್ ಹೋಗೋವಷ್ಟರಲ್ಲಿ ಮಗಳು ಇರಲಿಲ್ಲ. ಮೂರನೇ ದಿನ ಅಜ್ಜಿಯೂ ಇರಲಿಲ್ಲ.

ಒಂದು ವಾರ ಬಿಟ್ಟು ನಡೆದ ವಿಚಾರಣೇಲಿ ಷಡ್ಡಕ ಇವನ ಮುಖ ನೋಡದೆ, "ನನಗೆ ಹೇಳೇ ಇಲ್ಲ ಸಾರ್" ಅಂದುಬಿಟ್ಟ. ಒಂದೇ ತಟ್ಟೇಲಿ ಉಂಡವನು. ಮನೇಲಿ ಹೆಂಡತಿಯೂ, "ನಮ್ಮ ಭಾವ ಸುಳ್ಳು ಹೇಳ್ತಾರಾ?" ಅಂದಳು. ಕೆಲಸ ಹೋದದ್ದಕ್ಕಿಂತ ಅದು ಸುಟ್ಟಿತು ಅವನನ್ನ.

ಬಾವಿ ಹತ್ತಿರ ಬಂದ...

ಸರ್ರ್... ಸರ್ರ್...

ರೈಲಲ್ಲಿ ಪರದೆಯ ಉಂಗುರ ಕಂಬಿ ಮೇಲೆ ಜಾರೋ ಸದ್ದು. ಬಾವಿಕಟ್ಟೆ ಮೇಲೆ ಕಂಬಿ ಎಲ್ಲಿಂದ ಬರಬೇಕು? ಬೇಸಿಗೆಯ ರಾತ್ರಿ. ಆದರೂ ಕಾಲಿಗೆ ತಣ್ಣನೆ ಗಾಳಿ ಹೊಡೀತು.

"ಬಂತೇನಪ್ಪಾ ನಮ್ಮೂರು?"

ಪಿಸುದನಿ. ಅದೇ ಅಜ್ಜಿಯದು.

"ಅಜ್ಜೀ... ನಾನು ಅವನಿಗೆ ಹೇಳಿದ್ದೆ."

"ಗೊತ್ತು ಮಗಾ. ಪರದೆ ಹಿಂದೆ ಎಚ್ಚರವಾಗೇ ಇದ್ದೆ. ಅವನು ಹೂಂ ಅಂದದ್ದು ಕೇಳಿಸ್ತು. ಆಮೇಲೇ ನಾನು ಕಣ್ಣು ಮುಚ್ಚಿದ್ದು."

"ಅದನ್ನ ನನ್ನ ಹೆಂಡತಿ ಮುಂದೆ ಹೇಳ್ತೀಯಾ?"

"ನನ್ನ ಮಾತು ಈಗ ನಿನ್ನ ಬಿಟ್ಟು ಯಾರ ಕಿವಿಗೆ ಬೀಳುತ್ತೆ... ಅವನ ಮನೆ ಯಾವುದು?"

ಇವನು ಬೆರಳು ತೋರಿಸಿದ. ಸರ್ರ್... ಸದ್ದು ಆ ಕಡೆ ಹೋಯ್ತು.

ಷಡ್ಡಕ ಇವತ್ತಿಗೂ ತಪ್ಪೊಪ್ಪಿಕೊಂಡಿಲ್ಲ. ಅದೇ ಕೆಲಸ, ಮೇಲೆ ಬಡ್ತಿ. ಇವನ ಹೆಂಡತಿ ಇವತ್ತಿಗೂ ನಂಬಿಲ್ಲ. ನೀವೂ ನಂಬಬೇಡಿ, ನನಗೇನು. ಆದರೆ ಷಡ್ಡಕನ ಮನೇಲಿ ಏಸಿ ಇಲ್ಲ, ಇದ್ದ ಫ್ಯಾನೂ ಕೆಟ್ಟಿದೆ. ಕಡುಬೇಸಿಗೇಲಿ, ಅವನಿಗೆ ರಜೆ ಇದ್ದ ಒಂದು ರಾತ್ರಿ, ಮೂರೂ ಹತ್ತಕ್ಕೆ, ನಾನೇ ಹೋಗಿ ಅವನ ಕಿಟಕಿ ಹೊರಗೆ ನಿಂತಿದ್ದೆ. ಗಾಜು ಮಂಜುಗಟ್ಟಿತ್ತು. ಬೆರಳಲ್ಲಿ ಒರೆಸಿ ನೋಡಿದೆ. ಒಳಗೆ ಅವನು ಕಂಬಳಿ ಹೊದ್ದು, ಕಣ್ಣು ಬಿಟ್ಟುಕೊಂಡು ಕೂತಿದ್ದ.

ಇದೇ ಬೆರಳು. ಮನೆ ಮುಟ್ಟೋವರೆಗೂ ತಣ್ಣಗೇ ಇತ್ತು.